ಲೈಸೆನ್ಸ್ ಇಲ್ಲದ ಕೈ

“ಐದು ಮಿಂಟಿನ ಕೆಲಸ ಅದರಿ ಸಾಹೇಬ್ರ. ನೀವು ಜರಾ ಹೂಂ ಅಂದ್ರ ಮುಗೀತು.”

ಮುಚ್ಚಿದ ಬಾಗಿಲಿನ ಆಚೆಯಿಂದ ಬಂದ ಧ್ವನಿಯನ್ನು ಅಶೋಕಕುಮಾರ ಕೂಡಲೇ ಗುರುತಿಸಿದ. ಗುಂಡಗುರ್ತಿಯ ದೇವಿಂದ್ರ. ತನ್ನನ್ನು ತಾನೇ ಲಿಫ್ಟ್ ಮೆಕ್ಯಾನಿಕ್ ಎಂದು ಕರೆದುಕೊಂಡು ಊರೂರು ತಿರುಗುವವನು. ಜೇಬಿನಲ್ಲಿ ಸ್ಕ್ರೂಡ್ರೈವರ್ ಇದ್ದವನೆಲ್ಲ ಮೆಕ್ಯಾನಿಕ್ ಆಗುವುದಾದರೆ ಕಿವಿಯ ಮೇಲೆ ಪೆನ್ಸಿಲ್ ಸಿಗಿಸಿಕೊಂಡವನೆಲ್ಲ ಇಂಜಿನಿಯರ್ ಆಗಬೇಕಿತ್ತು.

“ನಾ ಹೂಂ ಅನ್ಲಿಕ್ಕೆ ನೀ ಕತಿ ಹೇಳಾಕತ್ತೀಯೇನು?” ಎಂದ ಅಶೋಕಕುಮಾರ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರುಗಳಲ್ಲಿ ಲಿಫ್ಟು ರಿಪೇರಿ ಮಾಡುವವರಿಗೆ ಲೈಸೆನ್ಸ್ ಕೊಡುವುದು ಮತ್ತು ಕೊಡದಿರುವುದು ಅವನ ಕೆಲಸ. ಎರಡನೆಯದರಲ್ಲಿ ಅವನ ಕೈ ಚೆನ್ನಾಗಿ ಪಳಗಿತ್ತು. ಅವನ ಕಚೇರಿ ಸೇಡಂನ ಈ ಕಟ್ಟಡದ ತುದಿಯ ಅಂತಸ್ತಿನಲ್ಲಿತ್ತು. ಅಲ್ಲಿ ಅವನೇ ಹಾಕಿಕೊಟ್ಟ ಒಂದು ಪದ್ಧತಿಯೂ ಇತ್ತು. ಸಾಹೇಬರ ಬಾಗಿಲು ಮುಚ್ಚಿರಬೇಕು. ಬಂದವನು ಹೊರಗೆ ನಿಂತೇ ಅಹವಾಲು ಹೇಳಿಕೊಳ್ಳಬೇಕು. ಎಣ್ಣೆಗೈಯವರನ್ನು ಒಳಗೆ ಬಿಟ್ಟುಕೊಂಡರೆ ಕುರ್ಚಿಗೆ ಕಲೆ. ಮುಖ ನೋಡಿದರೆ ಕನಿಕರ ಹುಟ್ಟುತ್ತದೆ. ಕನಿಕರಕ್ಕೆ ನಿಯಮಾವಳಿಯಲ್ಲಿ ಕಲಂ ಇಲ್ಲ.

ಇವತ್ತೂ ಬಾಗಿಲು ಮುಚ್ಚಿತ್ತು. ಫ್ಯಾನ್ ನಿಂತುಹೋಗಿತ್ತು. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಬೆವರು ಕಾಲರಿನೊಳಗೆ ಇಳಿಯುತ್ತಿತ್ತು. ಅಶೋಕಕುಮಾರ ಬೆಲ್ ಒತ್ತಿದ. ಯಾರೂ ಬರಲಿಲ್ಲ. ಗೋಡೆಗೆ ಬಡಿದಿದ್ದ ತಗಡಿನ ಫಲಕವನ್ನು ಓದಿದ: ‘ಪರವಾನಗಿ ಇಲ್ಲದವರು ಕೈ ಹಚ್ಚತಕ್ಕದ್ದಲ್ಲ.’ ಆ ಸಾಲನ್ನು ಬರೆದವನು ಅವನೇ. ಎಷ್ಟು ಸಲ ಓದಿದರೂ ಅದರಲ್ಲಿ ಅವನಿಗೆ ತಪ್ಪು ಕಾಣಲಿಲ್ಲ.

“ಹೋದ ತಿಂಗಳಿನ ಸಿಟ್ಟು ಇನ್ನೂ ಹೋಗಿಲ್ಲೇನ್ರಿ?” ದೇವಿಂದ್ರ ಕೇಳಿದ.

ಹೋದ ತಿಂಗಳು ಶಹಾಬಾದಿನ ಒಂದು ನರ್ಸಿಂಗ್ ಹೋಮಿನ ಲಿಫ್ಟಿನಲ್ಲಿ ಬಸುರಿ ಹೆಂಗಸೊಬ್ಬಳು ಸಿಕ್ಕಿಕೊಂಡಿದ್ದಳು. ದೇವಿಂದ್ರ ಅವಳನ್ನು ಹೊರಗೆ ತೆಗೆದ. ಅವಳು ಗಂಡು ಹೆತ್ತಳು. ನರ್ಸಿಂಗ್ ಹೋಮಿನವರು ಪೇಢೆ ಹಂಚಿದರು. ಅಶೋಕಕುಮಾರ ನೋಟಿಸು ಹಂಚಿದ: ಇನ್ನೊಮ್ಮೆ ಲೈಸೆನ್ಸ್ ಇಲ್ಲದ ಕೈ ಲಿಫ್ಟಿಗೆ ತಾಗಿದರೆ ಈ ಮನುಷ್ಯನಿಗೆ ಜನ್ಮದಲ್ಲಿ ಲೈಸೆನ್ಸ್ ಇಲ್ಲ.

“ಆ ನರ್ಸಿಂಗ್ ಹೋಮಿನವರು ಕಾಯಂ ನೌಕರಿ ಕೊಡ್ತೀವಿ ಅಂದಾರ್ರಿ,” ಎಂದ ದೇವಿಂದ್ರ. “ಲೈಸೆನ್ಸ್ ಹಿಡ್ಕೊಂಡು ಬಾ ಅಂದಾರ. ಅದಕ್ಕ ಅಂಜಿ ನಿಮ್ಮನ್ನ ಕೇಳಾಕತ್ತೀನಿ. ನೀವು ಬ್ಯಾಡಂದ್ರ ಬ್ಯಾಡ.”

“ಲೈಸೆನ್ಸ್ ಇದ್ದವ ಎದುರಿಗೆ ನಿಂತಿರಬೇಕು. ಆಗ ಮಾತ್ರ ನಿನ್ನಂಥವರು ಪಾನಾ-ಸ್ಪ್ಯಾನರ್ ಹಿಡೀಬೇಕು.”

“ಲೈಸೆನ್ಸ್ ಇದ್ದವ ಚಂದಾಪುರದ ವಿಠೋಬಾ ಒಬ್ಬ ಇದ್ದನಲ್ರಿ. ಹೋದ ವಾರ ಅವಂದೂ ರದ್ದು ಮಾಡಿದ್ರಿ.”

“ಫೋಟೋದಾಗ ಹೆಲ್ಮೆಟ್ ಹಾಕಿದ್ದ. ಮಾರಿನೇ ಕಾಣಸ್ತಿರಲಿಲ್ಲ.”

“ಕೆಲಸ ಮಾಡೋ ಹೊತ್ತಿನ ಫೋಟೋನೇ ಬೇಕು ಅಂದವರು ನೀವೇ ಅಂತಲ್ರಿ. ಹೆಲ್ಮೆಟ್ ಹಾಕದಿದ್ರ ಅದಕ್ಕೂ ನೋಟಿಸು ಕೊಡ್ತಿದ್ರಿ.”

ಆಚೆ ಯಾರೋ ಕಿಸಕ್ಕೆಂದರು. ಹೊರಗೆ ಜನ ಸೇರಿದ್ದಾರೆ ಎಂದಾಯಿತು. ಕಸ ಹೊಡೆಯುವ ಮಾಣಿಕಮ್ಮನ ಧ್ವನಿ ಕೇಳಿತು. “ಸಾಹೇಬ್ರ, ಮುಂಜಾನಿಂದ ನೀವು ಏನೂ ಕುಡದಿಲ್ಲ. ಚಹಾ ತಂದೀನಿ. ಎಲ್ಲಿ ಇಡ್ಲಿರಿ?”

ಚಹಾ. ಇದು ಎಲ್ಲರಿಗೂ ಗೊತ್ತಿರುವ ಗಾಳ. ಒಂದು ಗುಟುಕು ಒಳಗೆ ಹೋದರೆ ಸಹಿ ಹೊರಗೆ ಬರುತ್ತದೆ ಎಂದು ಈ ಮಂದಿಯ ಲೆಕ್ಕ.

“ಹೊರಗೇ ಇಡು,” ಎಂದ ಅಶೋಕಕುಮಾರ.

“ಹೊರಗೇ ಅದರಿ. ಆರಿಹೋಗ್ಲಿಕತ್ತದ.”

ಅವನ ಗಂಟಲು ಒಣಗಿತ್ತು. ಹೂಂ ಎನ್ನಬಹುದಿತ್ತು. ಒಂದೇ ಅಕ್ಷರ. ಆದರೆ ಇವತ್ತು ಇವನಿಗೆ ಹೂಂ ಎಂದರೆ ನಾಳೆ ವಾಡಿಯಿಂದ ಚಿಂಚೋಳಿಯವರೆಗೆ ಚಹಾದಂಗಡಿಗಳಲ್ಲಿ ಇದೇ ಮಾತು: ಸಾಹೇಬರೇ ಬಗ್ಗಿದರಂತೆ. ಕೊಟ್ಟ ನೋಟಿಸುಗಳೆಲ್ಲ ಮಿರ್ಚಿಭಜಿ ಕಟ್ಟುವ ಕಾಗದವಾಗುತ್ತವೆ. ಪಾನಾ ಹಿಡಿದವನ ಮುಂದೆ ಪೆನ್ನು ಹಿಡಿದವನು ತಲೆ ತಗ್ಗಿಸುವುದೆಂದರೇನು?

“ನನಗೇನು ಅವಸರ ಇಲ್ಲ,” ಎಂದ, ಎಲ್ಲರಿಗೂ ಕೇಳುವ ಹಾಗೆ. “ಸಂಜೀತನಕ ಇಲ್ಲೇ ಇರ್ತೀನಿ. ನಿನ್ನ ಲೈಸೆನ್ಸಿನ ಮಾತು ಆಮ್ಯಾಲ ನೋಡೋಣು. ಈಗ ಕೈ ಹಚ್ಚಿದ್ರ ಮಾತ್ರ ನಿನ್ನ ಒಳಗ ಹಾಕಸ್ತೀನಿ.”

ಪಾನಾಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುವ ಸದ್ದು ಕೇಳಿತು.

“ಬ್ಯಾಡ್ರಿ ಸಾಹೇಬ್ರ. ಒಳಗ ಇರೋದು ಭಾಳ ತ್ರಾಸ ಇರತದ,” ಎಂದ ದೇವಿಂದ್ರ. “ಮಾಣಿಕಮ್ಮ, ನೀನೂ ಕೇಳೀದಿ ಹೌದಿಲ್ಲೋ? ನಾ ಕೇಳಿದೆ, ಅವರು ಒಲ್ಲೆ ಅಂದ್ರು. ನಾಳಿ ಯಾರರ ಕೇಳಿದ್ರ ಹೇಳವ್ವ. ನಾ ಬರ್ತೀನ್ರಿ.”

“ನಡಿ, ನಡಿ.”

ಚಪ್ಪಲಿಯ ಸದ್ದು ಮೆಟ್ಟಿಲಿಳಿಯುತ್ತ ಸಣ್ಣದಾಯಿತು. ಅದರ ಹಿಂದೆಯೇ ಇನ್ನಷ್ಟು ಚಪ್ಪಲಿಗಳು. ಅಶೋಕಕುಮಾರ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಇಂಥವರನ್ನು ಇಡಬೇಕಾದಲ್ಲಿ ಇಡುವುದು ಹೀಗೆ. ಗೆದ್ದ ಹುಮ್ಮಸ್ಸಿನಲ್ಲಿ ಇನ್ನೊಮ್ಮೆ ಬೆಲ್ ಒತ್ತಿದ.

ಎರಡನೇ ಮತ್ತು ಮೂರನೇ ಅಂತಸ್ತಿನ ನಡುವೆ ಮುಂಜಾನೆಯಿಂದ ಸಿಕ್ಕಿಕೊಂಡಿದ್ದ ಲಿಫ್ಟು, ಅವನನ್ನು ಹೊತ್ತುಕೊಂಡೇ, ಒಂದು ಗೇಣು ಕೆಳಗೆ ಜಾರಿ ನಿಂತಿತು.