ಕಮೋಡಿನ ಹಿಂದಿನ ಪೈಪು

ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟರು. ಆ ಹೊತ್ತಿಗೆ ಹುಡುಗಿ ಸುಗಂಧಿ ಹಳೆಯ ನೈಟಿ ಎತ್ತಿಕಟ್ಟಿ, ಕಮೋಡಿನ ಹಿಂದೆ ಸೋರುತ್ತಿದ್ದ ಪೈಪನ್ನು ರಿಪೇರಿ ಮಾಡುತ್ತಿದ್ದಳು. ಬರುತ್ತೇನೆಂದಿದ್ದ ಪ್ಲಂಬರ್ ಬಂದಿರಲೇ ಇಲ್ಲ.

“ಹುಡುಗಿ ಎಲ್ಲಿ?” ಎಂದರು ಹುಡುಗನ ತಾಯಿ.

“ಸೀರೆ ಉಡ್ತಿದ್ದಾಳೆ,” ಎಂದು ಅಪ್ಪ ನಾಗಭೂಷಣ ಸುಳ್ಳು ಹೇಳಿದರು. ಒಳಗೆ ಠಣ್ಣೆಂದು ಸ್ಪ್ಯಾನರ್ ಬಿದ್ದ ಸದ್ದಾಯಿತು.

ಅಷ್ಟರಲ್ಲಿ ಹುಡುಗ ಎದ್ದು ನಿಂತ. “ಸ್ವಲ್ಪ ಟಾಯ್ಲೆಟ್‌ಗೆ ಹೋಗ್ಬೇಕಿತ್ತು.”

“ಈಗಲೇನಾ? ಕಾಫಿ ಕುಡಿದು ಹೋಗಬಹುದಲ್ಲ?” ನಾಗಭೂಷಣ ಬೆವತುಹೋದರು.

ಹುಡುಗ ತಡೆಯಲಾರದೆ ಹೊರಟೇಬಿಟ್ಟ.

ಕಾಫಿ ಬಂತು, ಆರಿಯೂ ಹೋಯಿತು. ಹುಡುಗ ಮರಳಲಿಲ್ಲ. ಮಗಳ ಅವತಾರ ನೋಡಿಯೇ ಓಡಿದನೆಂದು ನಾಗಭೂಷಣ ತಲೆ ತಗ್ಗಿಸಿ ಕೂತರು.

ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಎದ್ದರು. “ಇವನಿಗೆ ಒಪ್ಪಿಗೆ ಇಲ್ಲದಿದ್ರೆ ಹೀಗೇ ಕಣ್ರೀ, ಹಿತ್ತಲ ಬಾಗಿಲಿಂದ ಮಾಯ. ಏಳಿ, ಹೊರಡೋಣ,” ಎಂದು ಗಂಡನನ್ನು ಎಬ್ಬಿಸಿ, ಕೊನೆಗೊಮ್ಮೆ ಕೂಗಿದರು: “ಮಧುಕೇಶಾ, ಎಲ್ಲಿದ್ದೀಯೋ?”

ಟಾಯ್ಲೆಟ್ಟಿನೊಳಗಿಂದ ಉತ್ತರ ಬಂತು.

“ಪೈಪ್ ಹಿಡ್ಕೊಂಡಿದ್ದೀನಿ ಕಣಮ್ಮಾ! ಕೈ ಬಿಡ್ಬೇಡಿ ಅಂದಿದ್ದಾರೆ ಇವ್ರು!”