ಅಪ್ಪ ಕಾಡಿನಿಂದ ಇಳಿದು ಬಂದ ಮಧ್ಯಾಹ್ನ

ಬೇವಿನ ಸೊಪ್ಪು ಕುದಿಯುವ ವಾಸನೆ ಬಂದರೆ ಇಂದಿಗೂ ನನಗೆ ತಂಗಿ ಮಾದಿಯ ನೆನಪಾಗುತ್ತದೆ.

ಅವಳಿಗೆ ದಡಾರ ಎದ್ದು ಇಳಿದಿತ್ತು. ಅಜ್ಜಿ ಬೇವಿನ ನೀರು ಹೊಯ್ದು, "ಅಮ್ಮ ಇಳಿದ್ಲು, ಇನ್ನು ಭಯ ಇಲ್ಲ" ಅಂದಳು. ಮೈ ಒರೆಸುವಾಗಲೇ ಮಾದಿಯ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಕೈಕಾಲು ಸೆಟೆದವು. ಮೈ ಮತ್ತೆ ಕಾದ ಹಂಚಿನಂತೆ ಸುಡುತ್ತಿತ್ತು.

ಜಮೀನ್ದಾರನ ಮನೆಗೆ ನಕ್ಸಲರು ನುಗ್ಗಿದ ಮೇಲೆ ಪೊಲೀಸರು ನಮ್ಮ ಹಾಡಿಯ ಗಂಡಸರನ್ನೆಲ್ಲ ಹಿಡಿಯುತ್ತಿದ್ದರು. ಆ ಜಮೀನ್ದಾರನ ಗದ್ದೆಯಲ್ಲಿ ಕೂಲಿ ಮಾಡಿದ್ದು ಬಿಟ್ಟರೆ ಬೇರೇನೂ ಅರಿಯದ ಅಪ್ಪನೂ ಹೆದರಿ ಕಾಡಿನಲ್ಲಿ ಅವಿತಿದ್ದ. ಅವ್ವ ಓಡಿಹೋಗಿ ಅವನನ್ನು ಕರೆತಂದಳು. ಅಪ್ಪ ಬಂದವನೇ ಮಾದಿಯನ್ನು ಹೆಗಲಿಗೆ ಹಾಕಿಕೊಂಡ.

"ರಸ್ತೇಲಿ ಪೊಲೀಸ್ರವ್ರೆ ಕಣ್ಲಾ," ಅಂದಳು ಅಜ್ಜಿ.

"ಇರ್ಲಿ ಬುಡವ್ವ. ಆಸ್ಪತ್ರೆಗೂ ಅದೇ ದಾರಿ."

ಕಾಟ್ಟಿಕುಳಂ ಪೇಟೆಗೆ ಹೋಗುವ ರಸ್ತೆಯಲ್ಲಿ ಪೊಲೀಸ್ ಜೀಪು ನಿಂತಿತ್ತು. ಅಪ್ಪ ತಾನಾಗಿಯೇ ಹೆಸರು ಹೇಳಿ, "ಮಗೂನ ಆಸ್ಪತ್ರೆಗೆ ಬುಟ್ಟು ಆಮೇಲೆ ನನ್ನ ಕರ್ಕೊಂಡೋಗಿ ಸಾರ್" ಅಂದ. ಅವ್ವನನ್ನೂ ಸೇರಿಸಿ ಮೂವರನ್ನು ಹತ್ತಿಸಿಕೊಂಡು ಜೀಪು ಹೊರಟಿತು. ಹಿಂದೆಯೇ ಓಡಿಬಂದಿದ್ದ ನಾನು ಧೂಳಿನಲ್ಲಿ ನಿಂತೆ.

ದಡಾರದ ಬೆನ್ನಿಗೇ ಮಿದುಳು ಬಾತುಕೊಂಡಿದೆ ಎಂದರಂತೆ ಡಾಕ್ಟರು. ಮಾದಿ ಬದುಕಿದಳು. ಆದರೆ ಮಾತು ಹೋಗಿತ್ತು, ನಮ್ಮ ಗುರುತೂ ಹೋಗಿತ್ತು.

ಎರಡು ಮಳೆಗಾಲ ಕಳೆದು ಅಪ್ಪ ಜೈಲಿನಿಂದ ಬಂದ. ಜಗಲಿಯಲ್ಲಿ ಕೂತಿದ್ದ ಮಾದಿ ಅವನನ್ನು ಕಂಡು ಹೆದರಿ ಅಜ್ಜಿಯ ಹಿಂದೆ ಮುದುಡಿಕೊಂಡಳು.

"ನಿಮ್ಮಪ್ಪ ಕಣವ್ವ," ಎಂದು ಅಜ್ಜಿ ಅವಳನ್ನು ಮುಂದಕ್ಕೆ ತಳ್ಳಿದಳು.

"ಬಲವಂತ ಮಾಡ್ಬ್ಯಾಡವ್ವ. ಇಲ್ಲೇ ಕೂತಿರ್ತೀನಿ, ಅವಳೇ ಬರ್ಲಿ," ಅಂದ ಅಪ್ಪ.

ಬಿಸಿಲು ಇಳಿಯುವವರೆಗೂ ಅವನು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.