ಬಚ್ಚಲ ಒಲೆಯ ಪಕ್ಷದವರು

ನಿಶ್ಮಿತಾ ಮೆಷಿನ್ನಿನ ಬಾಗಿಲು ತೆಗೆದು, ಗಂಡನ ಅಂಗಿಯನ್ನು ಎಳೆದು ಕೆನ್ನೆಗೊತ್ತಿ ನೋಡಿದಳು. ಇನ್ನೂ ಒದ್ದೆ. "ಚಂಡಿ! ಇವತ್ತೂ ಚಂಡಿ!" ಎಂದು ಮನೆ ಹಾರುವಂತೆ ಕೂಗಿದಳು. ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದ ಮಾವ ಭೋಜ ಶೆಟ್ಟರಿಗೆ ಅದನ್ನು ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ. ನಗು ಕಾಣದಿರಲೆಂದು ಪೇಪರನ್ನು ಮುಖದ ಮೇಲಕ್ಕೆತ್ತಿಕೊಂಡು, "ಛೆ ಛೆ, ಎಂತಾ ಮೆಷಿನ್ ಮಾರಾಯ್ತಿ ಇದ್" ಎಂದು ಮರುಗಿದರು.

ಒಗೆಯುವುದೂ ಒಣಗಿಸುವುದೂ ಒಂದೇ ಹೊಟ್ಟೆಯಲ್ಲಿ ಆಗುವ ಈ ಮೆಷಿನ್ನನ್ನು ಮಗ ರೋಹನ್ ಆಸಾಡಿ ಮಳೆ ಹಿಡಿಯುವ ಮುಂಚೆಯೇ ನಾವುಂದದ ಮನೆಗೆ ತಂದಿಳಿಸಿದ್ದ. ಬೈಂದೂರಿನಲ್ಲಿ ಹೋಟೆಲು ನಡೆಸುವವನ ಅಂಗಿ ಹೊಗೆ ನಾರಬಾರದಂತೆ. ಮಳೆಗಾಲವಿಡೀ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಹೊಗೆ ನಾರದೆ ಮಲ್ಲಿಗೆ ಪರಿಮಳ ಬರುತ್ತದೆಯೇ? ಬಂದ ದಿನವೇ ಅವನು ತೀರ್ಮಾನ ಹೇಳಿಬಿಟ್ಟಿದ್ದ: ಬಟ್ಟೆ ಇದರಲ್ಲೇ ಒಣಗಿತೋ, ಒಲೆ ಒಡೆಸಿ, ಹಂಡೆ ಗುಜರಿಗೆ ಹಾಕಿ, ಅಲ್ಲೊಂದು ಗೀಸರು. ಶೆಟ್ಟರ ಎದೆ ಧಸಕ್ಕೆಂದಿತ್ತು. ಸಂಜೆಯಾದರೆ ತೆಂಗಿನ ಮಡಲು, ಸಿಪ್ಪೆ ತುರುಕಿ ಹಂಡೆ ನೀರನ್ನು ಕೊತಕೊತ ಕಾಯಿಸಿ, ಚೆಂಬಿನ ಮೇಲೆ ಚೆಂಬು ಬೆನ್ನಿಗೆ ಹೊಯ್ದುಕೊಂಡರೇ ಅವರಿಗೆ ಜೀವ ಬಂದಂತೆ. ಅದನ್ನೂ ಕಿತ್ತುಕೊಂಡರೆ ತನಗೆ ಇನ್ನು ಉಳಿಯುವ ಸುಖ ಯಾವುದು?

ಮೊದಲ ಸಲ ಅವರು, ಪಾಪ, ಏನೂ ಅರಿಯದೆ ಮಾಡಿದ್ದು. ಒಗೆದಾಯಿತಲ್ಲ ಎಂದು ಮೆಷಿನ್ನಿನ ಹಿಂದಿನ ನಲ್ಲಿಯನ್ನು ಬಂದ್ ಮಾಡಿದ್ದರು. ಬಾವಿಯಿಂದ ನೀರು ಸೇದಿ ಬೆಳೆದ ಕೈ, ತೆರೆದ ನಲ್ಲಿ ಕಂಡರೆ ಸುಮ್ಮನಿರುತ್ತದೆಯೇ? ಬಟ್ಟೆ ಹಸಿಹಸಿಯಾಗಿ ಬಂತು. ರಿಪೇರಿಗೆ ಕುಂದಾಪುರದಿಂದ ಬಂದ ರತನ್ ನಲ್ಲಿ ನೋಡಿ ನಕ್ಕುಬಿಟ್ಟ.

"ಶೆಟ್ರೆ, ಒಣ್ಗುವಾಗ್ಳೂ ನಳ್ಳಿ ಬಿಟ್ಟೇ ಇರ್ಕ್."

"ಒಣ್ಗ್ಸುಕೆ ನೀರಾ? ಎಂತ ಮಾರಾಯಾ, ತಮಾಷಿ ಮಾಡ್ತ್ಯಾ?"

"ತಮಾಷಿ ಅಲ್ಲ. ಬಟ್ಟಿಯಿಂದ ಎದ್ದ ಹಬಿ ತಣಿಯುಕೆ ತಣ್ಣೀರ್ ಬೇಕ್. ಇಲ್ದಿರೆ ಆ ಹಬಿ ತಿರ್ಗಿ ಬಟ್ಟಿಗೇ ಕೂಕಂತ್."

"ಹೌದಾ! ಹಾಂಗಾರೆ ಆ ನಳ್ಳಿ ಜವಾಬ್ದಾರಿ ನಂದೇ" ಎಂದರು ಶೆಟ್ಟರು. ಮಾತಿಗೆ ತಪ್ಪಲಿಲ್ಲ. ಅಂದಿನಿಂದ ಒಗೆಯುವ ಸದ್ದು ನಿಂತು ಒಣಗಿಸುವ ಗುಂಯ್ ಶುರುವಾದದ್ದೇ ತಡ, ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಬಂದ್ ಮಾಡುವುದು. ಬಟ್ಟೆ ತೆಗೆಯುವ ಮುಂಚೆ ಹೋಗಿ ತೆರೆದಿಡುವುದು.

ಇವತ್ತಿನ ಕೂಗಿಗೆ ರತನ್ ಮಧ್ಯಾಹ್ನವೇ ಓಡಿ ಬಂದ. ಅರ್ಧ ಬಟ್ಟೆ ಹೊರಗೆ ತೆಗೆದ, ಜಾಲರಿಯ ಜುಂಗು ಬಳಿದ, ಪೈಪು ಊದಿ ನೋಡಿದ. ಆಮೇಲೆ ಆ ಪುಣ್ಯಾತ್ಮ ಮೆಷಿನ್ನನ್ನು ಮತ್ತೆ ಓಡಿಸಿ, ಸ್ಟೂಲು ಎಳೆದುಕೊಂಡು ಅದರ ಪಕ್ಕದಲ್ಲೇ ಕೂತುಬಿಟ್ಟ. ಶೆಟ್ಟರಿಗೆ ಆ ಕಡೆ ಸುಳಿಯಲು ದಾರಿಯಿಲ್ಲ. ಬಟ್ಟೆ ಹಪ್ಪಳದಂತೆ ಒಣಗಿ ಬಂತು. ಫೋನಿನಲ್ಲಿ ರೋಹನ್ ಹೇಳಿದ: "ಇನ್ನೊಂದ್ ಸಲ ಹಾಕಿ ಇಡಿ. ಸಂಜಿಗೆ ಬಂದ್ ನಾನೇ ಕಾಂತೆ. ಒಣ್ಗಿರೆ ಒಲಿ ಒಡುಕೆ ನಾಳೆ ಬೆಳಿಗ್ಗೆಯೇ ಗಾರಿ ಕೆಲ್ಸದ ಗುಡ್ಡ ಬತ್ತ."

ಶೆಟ್ಟರಿಗೆ ಊಟ ರುಚಿಸಲಿಲ್ಲ. ಸಂಜೆ ಗುಂಯ್ ಶುರುವಾದ ಕೂಡಲೇ ಎದ್ದು ಹೋಗಿ, ಉಸಿರು ಬಿಗಿಹಿಡಿದು ಬಗ್ಗಿ, ಮೆಷಿನ್ನಿನ ಹಿಂದೆ ಕೈ ಹಾಕಿದರು. ನಲ್ಲಿ ತಿರುಗಲಿಲ್ಲ. ಇನ್ನಷ್ಟು ಜೋರಾಗಿ ತಿರುಗಿಸಿದರು. ಅದು ಆಗಲೇ ಬಂದ್ ಆಗಿತ್ತು.

"ಬಗ್ಗಿ ಸೊಂಟ ಹಿಡ್ಸ್ಕಣ್ಬೇಡಿ ಮಾವ. ನಾನ್ ಆಗ್ಳೇ ಬಂದ್ ಮಾಡಿದೆ."

ಹಿಂದೆ ನಿಶ್ಮಿತಾ ನಿಂತಿದ್ದಳು. ಶೆಟ್ಟರು ಮೆಲ್ಲಗೆ ನೆಟ್ಟಗಾದರು. "ಅಲ್ಲ ಮಗಾ, ದಿನಾ ಚಂಡಿ ಚಂಡಿ ಅಂದೇಳಿ ಬೊಬ್ಬಿ ಹೊಡುದ್ ನೀನೇ ಅಲ್ದಾ?"

"ಬೊಬ್ಬಿ ಹೊಡಿದಿರೆ ಇವ್ರಿಗೆ ಸಂಶಯ ಬತ್ತಿಲ್ಯಾ? ನೀವ್ ನಳ್ಳಿ ತಿರ್ಗ್ಸುದ್ ಹೋದ ವಾರವೇ ಕಂಡಿದೆ."

"ನಿಂಗೆಂತಕ್ಕೆ ಒಲಿ?"

ಅವಳು ತಲೆ ತಗ್ಗಿಸಿದರೂ ತುಟಿಯಲ್ಲಿ ನಗು ನಿಲ್ಲಲಿಲ್ಲ. "ಬ್ರಹ್ಮಾವರದಗೆ ಅಮ್ಮ ಇಪ್ಪುದ್ ಫ್ಲಾಟಗೆ. ಅಲ್ಲಿ ಹಂಡಿ ಎಲ್ಲಿತ್ತ್? ಗೀಸರಿನ ಎರಡ್ ಬಕೇಟ್ ನೀರಗೆ ಬಾಣಂತಿ ಮೀಸುಕ್ ಆತ್ತಾ ಮಾವ?"

ಶೆಟ್ಟರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆದ ಮೇಲೆ ಕಣ್ಣು ತುಂಬಿ ಬಂತು. ಸೊಸೆಯ ತಲೆ ಮೇಲೆ ಕೈಯಿಟ್ಟರು.

"ಇವ್ರಿಗಿನ್ನೂ ಹೇಳ್ಲಿಲ್ಲ. ಊಟ ಆದ್ಮೇಲೆ ನಾನೇ ಹೇಳ್ತೆ. ನೀವ್ ಬಾಯಿ ಬಿಡ್ಬೇಡಿ."

"ನಾನಾ? ನನ್ ಬಾಯಿಂದ ಒಂದ್ ಅಕ್ಷರ ಹೊರ್ಗ್ ಬಪ್ಪುದಿಲ್ಲ."

ರೋಹನ್ ಬಂದವನೇ ಚಪ್ಪಲಿ ಕಳಚಿ ಸೀದಾ ಮೆಷಿನ್ನಿನ ಬಳಿ ಹೋದ. ಅಂಗಿ ಎಳೆದು ಕೆನ್ನೆಗೊತ್ತಿದ. "ಮತ್ತೂ ಚಂಡಿ! ಗುಡ್ಡ ಬಪ್ಪುದ್ ಬೇಡ. ಈ ದರಿದ್ರದ್ನ ನಾಳೆಯೇ ವಾಪಸ್ ಕಳ್ಸ್ತೆ."

ಒಲೆ ಉಳಿಯಿತು! ಶೆಟ್ಟರಿಗೆ ಕುಣಿಯುವಷ್ಟು ಖುಷಿ. ಆ ಖುಷಿಯಲ್ಲಿ ಬಾಯಿಗೆ ಬೀಗವೆಲ್ಲಿ?

"ಹ್ವಾಯ್, ವಾಪಸ್ ಕಳ್ಸ್ಬೇಡ! ಮೊಮ್ಮಗು ಬಂದ್ಮೇಲೆ ಅದ್ರ ಬಟ್ಟಿ ಒಣ್ಗ್ಸುದ್ ಬ್ಯಾಡ್ದಾ? ಆಗ ನಳ್ಳಿ ನಾನೇ ಬಿಡ್ತೆ!"

ನಿಶ್ಮಿತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ರೋಹನ್ ಹಸಿ ಅಂಗಿ ಹಿಡಿದುಕೊಂಡೇ ಅಪ್ಪನನ್ನು ನೋಡಿದ, ಹೆಂಡತಿಯನ್ನು ನೋಡಿದ, ಹುಬ್ಬು ಗಂಟಿಕ್ಕಿ ಕೇಳಿದ:

"ಯಾವ ನಳ್ಳಿ ಅಪ್ಪಯ್ಯ?"